ಬಾವಿಯೂ ವಂಶದಲ್ಲೇ ಬರುತ್ತದೆ

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ಠಾಣೆಯ ವರ್ತಕ ನಗರದ ಸಭಾಗೃಹವೊಂದರಲ್ಲಿ ಉಚಿತ ಮೂಳೆ ತಪಾಸಣೆ ಇಟ್ಟಿದ್ದರು. ಅತ್ತಿಗೆಯ ಜೊತೆ ನಾನೂ ಹೋದೆ. ಮೇಜಿನ ಮೇಲೆ ಚಪ್ಪಲಿ ಪೆಟ್ಟಿಗೆಗಿಂತ ತುಸು ದೊಡ್ಡದಾದ ಯಂತ್ರ. ಹಿಮ್ಮಡಿಗೆ ತಣ್ಣನೆಯ ಜೆಲ್ ಹಚ್ಚಿ ಪಾದವನ್ನು ಅದರೊಳಗಿಡಬೇಕು. ಸ್ವಲ್ಪ ಹೊತ್ತಿಗೆ ಬಸ್ ಟಿಕೇಟಿನಂಥ ಚೀಟಿ ಹೊರಗೆ ಬರುತ್ತದೆ. ಅತ್ತಿಗೆಯ ಚೀಟಿಯಲ್ಲಿ ಮೈನಸ್ 2.6 ಎಂದಿತ್ತು. ಅದನ್ನು ನೋಡಿದ ಯುವ ವೈದ್ಯರು ತಲೆ ಎತ್ತದೆ ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. ತಾಯಿಗೆ ಬೆನ್ನು ಬಾಗಿತ್ತೇ? ಬಾಗಿತ್ತು. ಹಾಗಾದರೆ ಹೆರಿಡಿಟರಿ, ವಂಶದ್ದು. ಅದಕ್ಕೇನೂ ಮಾಡಲಾಗದು, ಈ ಮಾತ್ರೆ ನುಂಗಿ, ಜಾರಿ ಬೀಳಬೇಡಿ. ಮುಂದಿನವರು ಬನ್ನಿ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಅತ್ತಿಗೆ, "ನಾನು ಏನೋ ಎಂತದೋ ಅಂತ ಹೆದರಿದ್ದೆ ಮಾರಾಯ್ತಿ. ನಮ್ಮ ಮನೆತನದ್ದೇ ಅಂತೆ" ಎಂದರು. ಮುಖದಲ್ಲಿ ನಿಜವಾದ ನಿರಾಳ. ಕೋರ್ಟಿನಲ್ಲಿ ಖುಲಾಸೆಯಾದವರು ಹೀಗೆಯೇ ಕಾಣುತ್ತಾರೇನೋ.

ನನಗೆ ಸಿಟ್ಟು ಬಂದದ್ದು ಆ ನಿರಾಳದ ಮೇಲೆ. "ನಮ್ಮ ಮನೆತನದ್ದೇ ಹಾಗೆ" ಎಂಬ ಮಾತಿಗಿಂತ ಮೆತ್ತಗಿನ ಹಾಸಿಗೆ ನಮ್ಮ ಸಮಾಜದಲ್ಲಿ ಇನ್ನೊಂದಿಲ್ಲ. ಅದರ ಮೇಲೆ ವೈದ್ಯರು ಮಲಗುತ್ತಾರೆ, ಗಂಡಂದಿರು ಮಲಗುತ್ತಾರೆ, ಹೋಟೆಲ್ ಧಣಿಗಳು ಮಲಗುತ್ತಾರೆ, ಸರ್ಕಾರ ಗೊರಕೆ ಹೊಡೆಯುತ್ತದೆ. ಬೆನ್ನು ಬಾಗಿದ ಹೆಂಗಸೂ ಕೊನೆಗೆ ಅದರ ಮೇಲೇ ಒರಗುತ್ತಾಳೆ. ಯಾರೂ ಏನೂ ಮಾಡಬೇಕಿಲ್ಲ, ಯಾರದೂ ತಪ್ಪಿಲ್ಲ. ಸತ್ತು ಮಸಣ ಸೇರಿದ ಅಜ್ಜಿಯದೊಂದೇ ತಪ್ಪು!

ನಾನೂ ಈ ಪಾಪದಲ್ಲಿ ಪಾಲುಗಾರಳೇ. ಮೂವತ್ತು ವರ್ಷ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿದವಳು. ಮೆಂಡೆಲನ ಬಟಾಣಿ, ಎತ್ತರದ ಗಿಡ, ಗಿಡ್ಡ ಗಿಡ, ಮೂರಕ್ಕೊಂದು. ಪರೀಕ್ಷೆಗೆ ಅದು ಸಾಕು. ಬದುಕಿಗೆ ಸಾಲದು ಎಂದು ನಾನು ಯಾವ ಬ್ಯಾಚಿಗೂ ಹೇಳಲಿಲ್ಲ. ಆ ವೈದ್ಯರಿಗೆ ಹನ್ನೆರಡನೇ ಕ್ಲಾಸಿನಲ್ಲಿ ಕಲಿಸಿದವರೂ ಹೇಳಿರಲಿಕ್ಕಿಲ್ಲ.

ಮೊದಲು ಯಂತ್ರದ ವಿಚಾರ ಮುಗಿಸಿಬಿಡೋಣ. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದದ್ದು ಸೊಂಟ ಮತ್ತು ಬೆನ್ನುಮೂಳೆಯನ್ನು ಎಕ್ಸ್-ರೇಯಿಂದ ಅಳೆಯುವ ಡೆಕ್ಸಾ ಪರೀಕ್ಷೆಯಂಥದಕ್ಕೆ. ಹಿಮ್ಮಡಿಗೆ ಜೆಲ್ ಹಚ್ಚುವ ಅಲ್ಟ್ರಾಸೌಂಡಿಗೆ ಅದೇ ಗೆರೆಯನ್ನು ಅಂಟಿಸಿ ರೋಗ ಇದೆ ಎನ್ನುವ ಹಾಗಿಲ್ಲ. ಮುಂದಿನ ಪರೀಕ್ಷೆಗೆ ಕಳಿಸಬಹುದು, ಅಷ್ಟೇ. ಶಿಬಿರದಲ್ಲಿ ಆ ಮಾತೇ ಬರಲಿಲ್ಲ. ಬಂದದ್ದು ಕ್ಯಾಲ್ಸಿಯಂ ಮಾತ್ರೆಯ ಸ್ಯಾಂಪಲ್ ಪಟ್ಟಿ ಮತ್ತು ಅದೇ ಮಾತ್ರೆ ಎಲ್ಲಿ ಸಿಗುತ್ತದೆ ಎಂಬ ವಿಳಾಸ. ಇಲ್ಲಿ ವರ್ತಕ್ ಎಂಬುದು ಮರಾಠಿ ಮನೆತನದ ಹೆಸರು. ಕನ್ನಡದಲ್ಲಿ ವರ್ತಕ ಎಂದರೆ ವ್ಯಾಪಾರಿ. ಆ ಭಾನುವಾರ ನಮ್ಮ ನಗರಕ್ಕೆ ಕನ್ನಡದ ಅರ್ಥವೇ ಹೆಚ್ಚು ಒಪ್ಪುತ್ತಿತ್ತು.

ಈಗ ವಂಶದ ವಿಚಾರ. ವಂಶವೇ ಮೂಳೆಯ ಹಣೆಬರಹ ಎನ್ನುವವರಿಗೆ ಒಂದು ಸಣ್ಣ ಪ್ರಶ್ನೆ: ನಿಮ್ಮ ಬಲಗೈಗೂ ಎಡಗೈಗೂ ಬೇರೆ ಬೇರೆ ತಾಯಿಯೇ? 1977ರಲ್ಲಿ ವೃತ್ತಿಪರ ಟೆನಿಸ್ ಆಟಗಾರರ ಎರಡೂ ತೋಳುಗಳ ಎಕ್ಸ್-ರೇ ತೆಗೆದು ಅಳೆದರು. ರಾಕೆಟ್ ಬೀಸುವ ತೋಳಿನ ಮೂಳೆಯ ಗೋಡೆ ಇನ್ನೊಂದು ತೋಳಿನದ್ದಕ್ಕಿಂತ ಗಂಡಸರಲ್ಲಿ ಸುಮಾರು 35 ಶೇಕಡಾ, ಹೆಂಗಸರಲ್ಲಿ ಸುಮಾರು 28 ಶೇಕಡಾ ದಪ್ಪವಿತ್ತು. ಒಂದೇ ದೇಹ, ಒಂದೇ ಡಿಎನ್‌ಎ, ಒಬ್ಬಳೇ ಅಜ್ಜಿ. ಎರಡು ಮೂಳೆ. ಇಷ್ಟು ಸಾಕಾಗಬೇಕಿತ್ತು. ಸಾಕಾಗಿಲ್ಲ, ಯಾಕೆಂದರೆ ನಮಗೆ ಬೇಕಾಗಿರುವುದು ಸತ್ಯವಲ್ಲ, ಹಾಸಿಗೆ.

ಆ ವೈದ್ಯರು ಹೇಳದೆ ಬಿಟ್ಟ ಸಂಗತಿ ಇಷ್ಟು. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಎಳೆ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ ಅದು ಹಿಡಿಯಬೇಕಾದರೆ ಸುತ್ತಿಡಲೇಬೇಕು. ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳ ಮೇಲೆ ಅದು ಸುತ್ತಿಕೊಂಡಿರುತ್ತದೆ. ಅಮ್ಮನ ಟ್ರಂಕಿನಲ್ಲಿ ಐವತ್ತು ಸೀರೆ ಇದ್ದರೂ ಉಡಲು ಸಿಗುವುದು ಮೇಲಿನ ನಾಲ್ಕು ಮಾತ್ರ ಅಲ್ಲವೇ? ತಳದಲ್ಲಿ ಬಿಗಿಯಾಗಿ ಮಡಚಿಟ್ಟದ್ದು ಇದ್ದೂ ಇಲ್ಲದ ಹಾಗೆ. ಜೀನ್‌ಗಳೂ ಹಾಗೆ. ಬಿಗಿಯಾಗಿ ಸುತ್ತಿಟ್ಟ ಜೀನ್ ಕೆಲಸ ಮಾಡದು. ಸಡಿಲವಾಗಿ ಬಿಟ್ಟದ್ದು ಮಾಡುತ್ತದೆ. ಯಾವುದನ್ನು ಬಿಗಿಯಬೇಕು, ಯಾವುದನ್ನು ಸಡಿಲಿಸಬೇಕು ಎಂದು ಹೇಳುವ ಸಣ್ಣ ಸಣ್ಣ ರಾಸಾಯನಿಕ ಗುರುತುಗಳಿವೆ. ಮೀಥೈಲ್ ಎಂಬ ಗುರುತು ಡಿಎನ್‌ಎ ಮೇಲೆ ಕೂತರೆ ಸಾಮಾನ್ಯವಾಗಿ ಆ ಜೀನ್‌ಗೆ ಬೀಗ. ಅಸಿಟೈಲ್ ಎಂಬುದು ಹಿಸ್ಟೋನ್ ಮೇಲೆ ಕೂತರೆ ಗಂಟು ಸಡಿಲ. ಅಕ್ಷರ ಒಂದೂ ಬದಲಾಗುವುದಿಲ್ಲ, ಓದುವ ಪುಟ ಬದಲಾಗುತ್ತದೆ. ಇದರ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು.

ಹೆಸರಿಟ್ಟದ್ದು 1942ರಲ್ಲಿ, ಇಂಗ್ಲೆಂಡಿನ ಕಾನ್ರಾಡ್ ವಾಡಿಂಗ್‌ಟನ್. ಆತ ಎಳೆ ಮಗುವಾಗಿದ್ದಾಗ ವಯನಾಡಿನ ಚಹಾ ತೋಟವೊಂದರಲ್ಲಿ ಬೆಳೆದವನು, ಅಪ್ಪನಿಗೆ ಅಲ್ಲಿ ಕೆಲಸ. ಮುಂದೆ ಆತ ಬರೆಸಿದ ಪ್ರಸಿದ್ಧ ಚಿತ್ರದಲ್ಲಿ ಒಂದು ಗುಡ್ಡ, ಕೆಳಗೆ ಕವಲೊಡೆಯುವ ಕಣಿವೆಗಳು, ಮೇಲಿಂದ ಉರುಳುವ ಒಂದು ಗೋಲಿ. ಗೋಲಿ ಎಂದರೆ ಇನ್ನೂ ಏನೂ ಆಗದ ಕೋಶ. ಯಾವ ಕಣಿವೆಗೆ ಇಳಿಯಿತೋ ಅದೇ ಅದರ ಜನ್ಮ. ಘಟ್ಟದವರಿಗೆ ಇದಕ್ಕೆ ಚಿತ್ರವೇ ಬೇಡ. ಸಕಲೇಶಪುರ ತಾಲೂಕಿನ ಬಿಸಿಲೆ ಕಡೆ ಒಂದು ದಿಬ್ಬವಿದೆ. ಅದರ ಮೇಲೆ ಬಿದ್ದ ಮಳೆಯಲ್ಲಿ ಒಂದು ಹನಿ ಪಡುವಣಕ್ಕೆ ಜಾರಿ ಅರಬ್ಬೀ ಸಮುದ್ರ ಸೇರುತ್ತದೆ, ಪಕ್ಕದ ಹನಿ ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡೂ ಒಂದೇ ಮೋಡದ ಮಕ್ಕಳು.

ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲೂ ಅಂಥ ದಿಬ್ಬವಿದೆ. ಅಲ್ಲಿಯ ಒಂದು ಬಗೆಯ ಆಕರಕೋಶ ಮೂಳೆ ಕಟ್ಟುವ ಕೋಶವೂ ಆಗಬಲ್ಲದು, ಕೊಬ್ಬಿನ ಕೋಶವೂ ಆಗಬಲ್ಲದು. ರಂಕ್ಸ್-2 ಎಂಬ ಜೀನ್ ತೆರೆದರೆ ಮೂಳೆಯ ಕಣಿವೆ. ಪಿಪಾರ್-ಗಾಮಾ ಎಂಬುದು ಮೇಲುಗೈ ಪಡೆದರೆ ಕೊಬ್ಬಿನ ಕಣಿವೆ. ಮೂಳೆಯ ಜೀನ್‌ಗಳ ಮೇಲೆ ಬೀಗದ ಗುರುತು ಒತ್ತುವ ಇಝಡ್‌ಎಚ್-2 ಎಂಬ ಪ್ರೋಟೀನಿದೆ. ಆ ಗುರುತನ್ನು ಅಳಿಸುವ ಬೇರೆ ಪ್ರೋಟೀನುಗಳೂ ಇವೆ. ವಯಸ್ಸಾದವರ ಮಜ್ಜೆಯಲ್ಲಿ ಕೊಬ್ಬು ಹೆಚ್ಚಿ ಮೂಳೆ ಕಡಿಮೆಯಾಗುವುದು, ಸ್ಟೀರಾಯ್ಡ್ ಮಾತ್ರೆ ವರ್ಷಗಟ್ಟಲೆ ನುಂಗಿದವರ ಮೂಳೆ ಟೊಳ್ಳಾಗುವುದು, ಬಹುಮಟ್ಟಿಗೆ ಈ ದಿಬ್ಬದ ಮೇಲೆ ಹನಿ ತಪ್ಪು ಕಡೆ ಜಾರುವ ಕತೆ. ಮೊಣಕಾಲು ನೋವಿಗೆ ಚೀಟಿಯಿಲ್ಲದೆ ಸ್ಟೀರಾಯ್ಡ್ ಕೊಡುವ ಮೆಡಿಕಲ್ ಅಂಗಡಿ ಯಾರ ವಂಶದ್ದು ಎಂದು ಕೇಳಬಾರದೇ?

"ಹಾಗಾದರೆ ರಂಕ್ಸ್-2 ಜೀನೇ ತಾನೆ? ವಂಶವೇ ತಾನೆ?" ಎಂದು ಜಾಣರು ಎದ್ದು ನಿಲ್ಲುತ್ತಾರೆ. 1997ರಲ್ಲಿ ಆ ಜೀನ್ ತೆಗೆದುಹಾಕಿದ ಇಲಿಮರಿಗಳು ಒಂದು ತುಣುಕೂ ಮೂಳೆಯಿಲ್ಲದೆ, ಮೃದ್ವಸ್ಥಿಯ ಅಸ್ಥಿಪಂಜರದೊಂದಿಗೆ ಹುಟ್ಟಿ, ಉಸಿರು ಸಿಗದೆ ಸತ್ತವು. ನಿಜ. ಮನುಷ್ಯರಲ್ಲಿ ಅದರ ಒಂದು ಪ್ರತಿ ಕೆಟ್ಟರೆ ಕೊರಳೆಲುಬು ಸರಿಯಾಗಿ ಬೆಳೆಯುವುದಿಲ್ಲ. ಅದೂ ನಿಜ. ಆದರೆ ನಮ್ಮ ಅತ್ತಿಗೆಯ ರಂಕ್ಸ್-2 ಕೆಟ್ಟಿಲ್ಲ ಸ್ವಾಮೀ! ಅವರ ಮಜ್ಜೆಯಲ್ಲೂ ಇದೆ, ಯಕೃತ್ತಿನಲ್ಲೂ ಇದೆ, ಕಣ್ಣಿನಲ್ಲೂ ಇದೆ. ಯಕೃತ್ತಿನಲ್ಲಿ ಮೂಳೆ ಬೆಳೆಯುವುದಿಲ್ಲ, ಯಾಕೆಂದರೆ ಅಲ್ಲಿ ಅದನ್ನು ತೆರೆಯುವವರಿಲ್ಲ. ಜೀನ್ ಇದೆಯೇ ಎಂಬುದಲ್ಲ ಪ್ರಶ್ನೆ, ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು.

ಆ ಬೀಗಕ್ಕೆ ಕಿವಿಯಿದೆ. ಮೂಳೆಯ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೋಡೆಯೊಳಗೆ ಹೂತುಹೋಗಿರುವ ಆಸ್ಟಿಯೋಸೈಟುಗಳು. ಮೂಳೆ ಕಟ್ಟುವ ಕೋಶವಾಗಿದ್ದಾಗ ಅವುಗಳಲ್ಲಿ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನಿನ ಜೀನ್ ಮೀಥೈಲಿನ ಬೀಗ ಹಾಕಿಕೊಂಡಿರುತ್ತದೆ; ಗೋಡೆಯೊಳಗೆ ಹೂತ ಮೇಲೆ ಬೀಗ ಸಡಿಲಿಸುತ್ತದೆ. ಸ್ಕ್ಲೆರೋಸ್ಟಿನ್ ಮಾಡುವುದು ಒಂದೇ ಕೆಲಸ: ಕಟ್ಟಡ ನಿಲ್ಲಿಸಿ ಎಂದು ಕೂಗುವುದು. ಕಾಲು ನೆಲಕ್ಕೆ ಬಿದ್ದಾಗ, ತಲೆಯ ಮೇಲೆ ಹೊರೆ ಕೂತಾಗ, ಮೆಟ್ಟಿಲು ಹತ್ತುವಾಗ ಆ ಕೋಶಗಳಿಗೆ ಒತ್ತಡ ಗೊತ್ತಾಗುತ್ತದೆ, ಕೂಗು ತಗ್ಗುತ್ತದೆ, ಮೂಳೆ ಕಟ್ಟುವ ಕೆಲಸ ಮುಂದುವರಿಯುತ್ತದೆ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಭಾಗ ಕರಗುತ್ತದೆ. ದೇಶ ದೇಶಗಳಿಂದ ಆರಿಸಿ ತಂದ ಗಟ್ಟಿಮುಟ್ಟಾದ ವಂಶಗಳು! ಅಲ್ಲಿ ವಂಶ ಏನು ಮಾಡುತ್ತಿತ್ತು?

"ಕುಟುಂಬದಲ್ಲಿ ಎಲ್ಲರಿಗೂ ಇದೆ" ಎಂಬುದೇ ವಂಶವಾದಿಗಳ ಬ್ರಹ್ಮಾಸ್ತ್ರ. ಸರಿ. ಕುಟುಂಬದಲ್ಲಿ ಹರಿದು ಬರುವುದು ಜೀನ್ ಒಂದೇ ಏನು? ಮನೆ ಬರುತ್ತದೆ, ಸಾಲ ಬರುತ್ತದೆ, ಅಡುಗೆಮನೆಯ ಕತ್ತಲೆ ಬರುತ್ತದೆ, ಗಂಡಸರು ಉಂಡ ಮೇಲೆ ಉಣ್ಣುವ ಪದ್ಧತಿ ಬರುತ್ತದೆ. ಬಾವಿಯೂ ವಂಶದಲ್ಲೇ ಬರುತ್ತದೆ. ಪಾವಗಡದ ಕಡೆ, ಮುಂಡರಗಿಯ ಕಡೆ ಹೋಗಿ ನೋಡಿ: ಅಜ್ಜನ ಬೆನ್ನು ಸೆಟೆದಿದೆ, ಮಗನ ಕೀಲು ಹಿಡಿದಿದೆ, ಮೊಮ್ಮಗನ ಹಲ್ಲಿಗೆ ಕಂದು ಗೆರೆ ಬಂದಿದೆ. ಮೂರು ತಲೆಮಾರು! ಎಂಥ ಅಚ್ಚುಕಟ್ಟಾದ ವಂಶವೃಕ್ಷ! ಅದು ಬಾವಿಯ ನೀರಿನ ಫ್ಲೋರೈಡ್. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಅವರ ಸಂಗಡಿಗರು ನೆರೆಯ ಆಂಧ್ರದ ಹಳ್ಳಿಗಳಲ್ಲಿ ಮಕ್ಕಳ ಮೊಣಕಾಲು ಒಳಕ್ಕೆ ಬಾಗುವುದನ್ನು ವರದಿ ಮಾಡಿದಾಗ ಬೆರಳು ತೋರಿಸಿದ್ದು ಬಾವಿಯ ಕಡೆಗೇ, ಅಜ್ಜಿಯ ಕಡೆಗಲ್ಲ.

ವಂಶ ಎಂಬ ತೀರ್ಪು ನಿಜವಾಗಿದ್ದಾಗಲೂ ಅದನ್ನು ನಾವು ಹೇಗೆ ಬಳಸಿಕೊಂಡೆವು ಎಂಬುದಕ್ಕೆ ಸಾಗರ ತಾಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದ ನಡುವಿನಲ್ಲಿ ಆ ಊರಿನ ದಲಿತ ಕೂಲಿಕಾರರಲ್ಲಿ ಸೊಂಟ, ಮೊಣಕಾಲುಗಳ ಕೀಲು ಹಿಡಿದು ನಡೆಯಲಾಗದೆ ಹೋಗುವ ಕಾಯಿಲೆ ಸುದ್ದಿಯಾಯಿತು. 1977ರ ಒಂದು ವರದಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆಯಿತು. ಗದ್ದೆಗೆ ಹೊಡೆದ ಕೀಟನಾಶಕ, ಅದೇ ಗದ್ದೆಯ ಏಡಿ ತಿಂದದ್ದು ಎಂಬ ಗುಮಾನಿಯೂ ಬಂತು. ಮುಂದೆ ತಜ್ಞರು ಇದು ತಂದೆತಾಯಿಯಿಂದ ಇಳಿದು ಬರುವ ಮೂಳೆಯ ದೋಷ ಎಂದು ತೀರ್ಮಾನಿಸಿದರು. ಇರಲಿ, ಒಪ್ಪೋಣ. ಆದರೆ ಅದೇ ತಜ್ಞರು ಈ ಒಂದೇ ಕಾಯಿಲೆಯಲ್ಲಿ ಮೂರು ಬಗೆ ಗುರುತಿಸಿದರು: ಒಬ್ಬರಿಗೆ ಸೊಂಟದ ಕೀಲು ಮಾತ್ರ, ಇನ್ನೊಬ್ಬರಿಗೆ ಬೆನ್ನುಮೂಳೆಯೂ, ಮತ್ತೊಬ್ಬರು ಬೆಳೆಯುವುದೇ ಇಲ್ಲ. ಇಷ್ಟು ವ್ಯತ್ಯಾಸ ಯಾಕೆ ಎಂದು ಕೇಳುವ ಕುತೂಹಲ ಎಷ್ಟು ಜನರಿಗೆ ಉಳಿಯಿತು? ರೋಗಿಗಳು ದೊಡ್ಡ ಮನೆಗಳವರಾಗಿದ್ದರೆ ವಂಶವಾಹಿ ಎಂಬ ಪದ ಸಂಶೋಧನೆಯ ಮೊದಲ ಪುಟವಾಗುತ್ತಿತ್ತು. ಕೂಲಿಕಾರರಾದ್ದರಿಂದ ಅದು ಫೈಲಿನ ಕೊನೆಯ ಪುಟವಾಯಿತು.

ಇನ್ನು ನಮ್ಮದೇ ಜನರ ವಿಷಯ. ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡಿಗರಲ್ಲಿ ಎಷ್ಟು ಮನೆಗಳ ಅಡಿಗಲ್ಲು ಉಡುಪಿ ಹೋಟೆಲಿನ ಕಪ್-ಬಶಿ ತೊಳೆಯುವ ಮೋರಿಯಲ್ಲಿದೆ? ಹನ್ನೆರಡು, ಹದಿಮೂರರ ಪ್ರಾಯದಲ್ಲಿ ಊರು ಬಿಟ್ಟು ಬಂದ ಮಾಣಿಗಳು. ಬೆಳಗಿನ ಜಾವಕ್ಕೆ ಏಳುವುದು, ಭಟ್ಟಿಯ ಎದುರು ನಿಲ್ಲುವುದು, ರಾತ್ರಿ ಶಾಲೆಯಲ್ಲಿ ತೂಕಡಿಸುವುದು, ಮೇಜು ಜೋಡಿಸಿ ಮಲಗುವುದು. ಅವರ ಕಾಲದ ಹೆಮ್ಮೆಯ ಕತೆಗಳನ್ನು ನಾವು ಸ್ಮರಣ ಸಂಚಿಕೆಗಳಲ್ಲಿ ಅಚ್ಚು ಹಾಕಿಸುತ್ತೇವೆ. ಮೂಳೆಯ ಲೆಕ್ಕ ಯಾರೂ ಬರೆದಿಲ್ಲ. ಮನುಷ್ಯ ದೊಡ್ಡವನಾದಾಗ ಇರುವ ಮೂಳೆಯ ಖನಿಜದಲ್ಲಿ ಸುಮಾರು ಕಾಲು ಭಾಗ ಕೂಡಿಕೊಳ್ಳುವುದು ಹರೆಯದ ಬೆಳವಣಿಗೆ ಬಿರುಸಾಗಿರುವ ಎರಡೇ ವರ್ಷಗಳಲ್ಲಿ. ಹೆಚ್ಚಿನ ಹುಡುಗರಿಗೆ ಅದು ಹದಿಮೂರು, ಹದಿನಾಲ್ಕರ ಆಸುಪಾಸು. ಆ ಎರಡು ವರ್ಷ ಈ ಹುಡುಗರು ಎಲ್ಲಿದ್ದರು? ಬಿಸಿಲು ಕಾಣದ ಅಡುಗೆಮನೆಯಲ್ಲಿ, ಗಿರಾಕಿಗೆ ಹಾಲು ಹಾಕಿ ಉಳಿದ ನೀರು ಚಹಾ ಕುಡಿಯುತ್ತಾ. ಹೋಟೆಲುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳ ದುಡಿಮೆಯನ್ನು ಕಾನೂನು ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲಿನ ಆ ತಲೆಮಾರುಗಳು ಈಗ ಬೆನ್ನು ಬಾಗಿ ನಮ್ಮ ಸಭೆಗಳ ಮುಂದಿನ ಸಾಲಿನಲ್ಲಿ ಕೂತಿವೆ. ಶಾಲು ಹೊದಿಸುತ್ತೇವೆ. ಅವರ ಮಕ್ಕಳಿಗೆ ಹೇಳುತ್ತೇವೆ: ನಿಮ್ಮ ಅಪ್ಪನಿಗೂ ಹಾಗೇ ಇತ್ತಲ್ಲ, ವಂಶದ್ದು.

ಹೆಂಗಸರ ಕತೆ ಇದಕ್ಕಿಂತ ಕರಾಳ. 2019ರಲ್ಲಿ ಇದೇ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಂಗಸರನ್ನು ಸರ್ಕಾರಿ ಸಮಿತಿ ಸಮೀಕ್ಷೆ ಮಾಡಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆದದ್ದು ಕಂಡಿತು. ತಿಂಗಳ ರಜೆಗೆ ಕೂಲಿ ಕಟ್ಟಾಗುತ್ತದೆ, ದಂಡ ಬೀಳುತ್ತದೆ. ಗರ್ಭಕೋಶವೇ ಇಲ್ಲದಿದ್ದರೆ ಆ ತೊಂದರೆಯೇ ಇಲ್ಲ! ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜೆನ್ ಒಮ್ಮೆಗೇ ನಿಲ್ಲುತ್ತದೆ. ಉಳಿಸಿದರೂ ಮುಟ್ಟು ನಿಲ್ಲುವ ಕಾಲ ಹಲವರಿಗೆ ಮುಂಚೆ ಬರುತ್ತದೆ. ಮೂಳೆ ತಿನ್ನುವ ಕೋಶಗಳ ಕೈ ಹಿಡಿಯುತ್ತಿದ್ದ ಈಸ್ಟ್ರೋಜೆನ್ ಹೋದ ಮೇಲೆ ಮೂಳೆ ಬೇಗ ಬೇಗ ತೆಳುವಾಗುತ್ತದೆ. ಆ ಹೆಂಗಸಿನ ಮಗಳು ಇನ್ನಿಪ್ಪತ್ತು ವರ್ಷ ಬಿಟ್ಟು ಯಾವುದೋ ಶಿಬಿರದಲ್ಲಿ ಹಿಮ್ಮಡಿ ಇಡುತ್ತಾಳೆ. ತಾಯಿಗೆ ಬೆನ್ನು ಬಾಗಿತ್ತೇ? ಬಾಗಿತ್ತು. ಹಾಗಾದರೆ ಹೆರಿಡಿಟರಿ. ಕಬ್ಬಿನ ಗುತ್ತಿಗೆದಾರ ಮುಕಾದಮನ ಪಾಪವನ್ನೂ ಅಜ್ಜಿಯ ಖಾತೆಗೆ ಬರೆದುಬಿಟ್ಟರೆ ಲೆಕ್ಕ ಚುಕ್ತಾ.

ಹೊಟ್ಟೆಯೊಳಗಿನ ಕೂಸಿಗೂ ಈ ಬೀಗಗಳ ಭಾಷೆ ಗೊತ್ತು. 1944ರ ಚಳಿಗಾಲದಲ್ಲಿ ಜರ್ಮನ್ ಸೈನ್ಯ ಹಾಲೆಂಡಿನ ಪಶ್ಚಿಮ ಭಾಗಕ್ಕೆ ಅನ್ನ ತಡೆಯಿತು. ಆ ಬರದಲ್ಲಿ ಗರ್ಭ ಕಟ್ಟಿದ ಮಕ್ಕಳನ್ನು ಅರವತ್ತು ವರ್ಷದ ಮೇಲೆ ಪರೀಕ್ಷಿಸಿದಾಗ, ಬೆಳವಣಿಗೆಗೆ ಬೇಕಾದ ಐಜಿಎಫ್-2 ಜೀನ್ ಮೇಲಿನ ಮೀಥೈಲ್ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆಯಿತ್ತು. ಒಡಹುಟ್ಟಿದವರು! ಅದೇ ಅಪ್ಪ, ಅದೇ ಅಮ್ಮ. ಬೇರೆಯಾಗಿದ್ದದ್ದು ಅಮ್ಮನ ತಟ್ಟೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಬಸುರಿಯರಿಗೆ ವಿಟಮಿನ್ ಡಿ ಕೊಟ್ಟು ನೋಡಿದರು. ಹೊಕ್ಕುಳಬಳ್ಳಿಯಲ್ಲಿ ಆರ್‌ಎಕ್ಸ್‌ಆರ್‌ಎ ಎಂಬ ಜೀನ್‌ನ ಬೀಗ ಸಡಿಲವಾಗಿತ್ತು. ಈ ಜೀನ್ ತಯಾರಿಸುವ ಪ್ರೋಟೀನ್ ಇಲ್ಲದೆ ವಿಟಮಿನ್ ಡಿ ಮೂಳೆಯ ಕೋಶಕ್ಕೆ ಮಾತು ಮುಟ್ಟಿಸಲಾರದು.

ದೂರದ ಮಾತು ಬೇಡವೇ? ಪುಣೆಯ ಕೆಇಎಂ ಆಸ್ಪತ್ರೆಯವರು 1993ರಿಂದ ಸುತ್ತಲಿನ ಆರು ಹಳ್ಳಿಗಳ ತಾಯಂದಿರ ಬೆನ್ನು ಹತ್ತಿದ್ದಾರೆ. ಬಸಿರಿನಲ್ಲಿ ಹಾಲು, ಬೇಳೆ, ಸೊಪ್ಪು, ಹಣ್ಣುಗಳಂಥ ಕ್ಯಾಲ್ಸಿಯಂ ಇರುವ ಆಹಾರವನ್ನು ಹೆಚ್ಚು ಸಲ ಉಂಡವರ ಮಕ್ಕಳಿಗೆ ಆರನೇ ವಯಸ್ಸಿನಲ್ಲಿ ಮೂಳೆ ಹೆಚ್ಚು ದಟ್ಟವಾಗಿತ್ತು ಎಂದು 2006ರಲ್ಲಿ ಪ್ರಕಟಿಸಿದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಮ್ಮವರು ಮಿಷನ್ ಆಸ್ಪತ್ರೆ ಎನ್ನುವ ಅದೇ ಕಟ್ಟಡದಲ್ಲಿ, 559 ಬಸುರಿಯರ ರಕ್ತ ನೋಡಿದರೆ ನೂರಕ್ಕೆ 66 ಮಂದಿಗೆ ವಿಟಮಿನ್ ಡಿ ಸಾಲದು. ಬಿಸಿಲಿಗೆ ಬರವಿಲ್ಲದ ಮೈಸೂರಿನಲ್ಲಿ! ಅಂಥ ತಾಯಂದಿರ ಮಕ್ಕಳ ತೋಳಿನ ಸ್ನಾಯು ಮುಂದೆ ಸಣ್ಣದಾಗಿತ್ತು. ಮೂಳೆಯನ್ನು ಎಳೆದು ಗಟ್ಟಿ ಮಾಡುವುದೇ ಸ್ನಾಯು. ನೂರಕ್ಕೆ 66 ಮಂದಿಯದೂ ಒಂದೇ ವಂಶವೋ?

ಇಲ್ಲಿ ಇನ್ನೊಂದು ಜಾತಿಯ ಜಾಣರು ಕಾದು ಕೂತಿರುತ್ತಾರೆ. ಓಹೋ, ಹಾಗಾದರೆ ತಪ್ಪು ತಾಯಿಯದು, ಅವಳು ಸರಿಯಾಗಿ ತಿನ್ನಲಿಲ್ಲ. ತಿನ್ನಲು ಬಿಟ್ಟವರು ಯಾರು? ಮನೆಮಂದಿಗೆಲ್ಲ ಬಡಿಸಿ ತಳದ ಸಾರಿನಲ್ಲಿ ಅನ್ನ ಕಲಸಿದವಳಿಗೆ ಕ್ಯಾಲ್ಸಿಯಂ ಉಪದೇಶವೇ? ಹೆರಿಗೆಯಾದ ಮೇಲೆ ಬಿಸಿಲು ತಾಕಬಾರದು, ಅದು ನಂಜು, ಇದು ವಾಯು ಎಂದು ಕೋಣೆಯೊಳಗೆ ಕೂರಿಸಿದವರು ಯಾರು? ಗರ್ಭ ಸಂಸ್ಕಾರದ ಕ್ಲಾಸು ನಡೆಸಿ, ಸಾವಿರಾರು ರೂಪಾಯಿ ತೆಗೆದುಕೊಂಡು, ಒಳ್ಳೆಯ ವಿಚಾರ ಮಾಡಿದರೆ ಕೂಸಿನ ಡಿಎನ್‌ಎ ಎಚ್ಚರಗೊಳ್ಳುತ್ತದೆ ಎಂದು ಎಪಿಜೆನೆಟಿಕ್ಸ್ ಹೆಸರಿನಲ್ಲಿ ಬೊಗಳೆ ಬಿಡುವವರೂ ಇದ್ದಾರೆ. ಉಗುಳು ಕಳಿಸಿ, ನಿಮ್ಮ ಮೂಳೆಯ ಭವಿಷ್ಯ ಹೇಳುತ್ತೇವೆ ಎನ್ನುವ ಕಂಪನಿಗಳೂ ಇವೆ. ಬಡವರಿಗೆ ಹಣೆಬರಹ, ಹಣವಂತರಿಗೆ ಹಣೆಬರಹದ ಪ್ರಿಂಟೌಟ್.

ಆ ಪ್ರಿಂಟೌಟಿನ ಬೆಲೆ ಎಷ್ಟು? ಅವಳಿಗಳ ಅಧ್ಯಯನಗಳು ಮೂಳೆಯ ದಟ್ಟಣೆಯ ವ್ಯತ್ಯಾಸದಲ್ಲಿ ನೂರಕ್ಕೆ 50ರಿಂದ 85 ಭಾಗ ಅನುವಂಶೀಯ ಎನ್ನುತ್ತವೆ. ಈ ಅಂಕಿಯನ್ನು ವಂಶವಾದಿಗಳು ತಾಯಿತದಂತೆ ಕಟ್ಟಿಕೊಂಡು ತಿರುಗುತ್ತಾರೆ. ಅದು ಒಂದೇ ಬಗೆಯ ಅನ್ನ, ಒಂದೇ ಬಗೆಯ ಬದುಕು ಇರುವವರ ನಡುವಿನ ಲೆಕ್ಕ. ಒಂದೇ ಗದ್ದೆಯಲ್ಲಿ ಎರಡು ತಳಿ ಭತ್ತ ಬಿತ್ತಿದರೆ ವ್ಯತ್ಯಾಸವೆಲ್ಲ ಬೀಜದ್ದೇ. ಗದ್ದೆಗೆ ನೀರೇ ಬಿಡದಿದ್ದರೆ? ಬೀಜದ ಪಾಲು ಆಗಲೂ ನೂರಕ್ಕೆ ನೂರೇ, ಕಣಜ ಮಾತ್ರ ಖಾಲಿ. ಇನ್ನು ಬ್ರಿಟನ್ನಿನ ಸುಮಾರು 4.26 ಲಕ್ಷ ಜನರ ಡಿಎನ್‌ಎ ಜಾಲಾಡಿ 518 ಜಾಗ ಗುರುತಿಸಿದರೂ ಮೂಳೆಯ ದಟ್ಟಣೆಯ ವ್ಯತ್ಯಾಸದಲ್ಲಿ ಅವು ವಿವರಿಸಿದ್ದು ನೂರಕ್ಕೆ 20 ಭಾಗ. ಅದೂ ಬಹುಪಾಲು ಬಿಳಿಯರಲ್ಲಿ. ಕುಂದಾಪುರದಿಂದ ಬಂದು ಇಲ್ಲಿಯ ಪೋಖ್ರಣ್ ರಸ್ತೆಯಲ್ಲಿ ನೆಲೆಸಿದ ಅತ್ತಿಗೆಯ ಮೂಳೆಗೆ ಅದರಿಂದ ಯಾವ ಜಾತಕ ಬರೆಯುತ್ತೀರಿ?

ಅತ್ತಿಗೆಯ ದಿನಚರಿ ನನಗೆ ಗೊತ್ತು. ನಲವತ್ತು ವರ್ಷ ಬಿಸಿಲು ಬೀಳುವ ಮೊದಲೇ ಅಡುಗೆಮನೆಗೆ, ಬಿಸಿಲು ಇಳಿದ ಮೇಲೆ ಬಾಲ್ಕನಿಗೆ. ಸರ್ಕಾರಿ ವಸತಿ ಮಂಡಳಿ ಮ್ಹಾಡಾದ ನಾಲ್ಕು ಮಾಳಿಗೆಯ ಹಳೆಯ ಕಟ್ಟಡ ಹೋಗಿ ಟವರ್ ಬಂದ ಮೇಲೆ ಆ ಬಾಲ್ಕನಿಗೂ ಬಿಸಿಲಿಲ್ಲ, ಎದುರು ಟವರಿನ ನೆರಳು. ಮೆಟ್ಟಿಲಿದ್ದಾಗ ದಿನಕ್ಕೆ ನಾಲ್ಕು ಸಲ ಹತ್ತುತ್ತಿದ್ದರು. ಈಗ ಲಿಫ್ಟು. ಮೂರು ಹೆರಿಗೆ, ಮೂರು ಬಾಣಂತನ. ಆ ಮೇಜಿನಲ್ಲಿ ಇದನ್ನು ಯಾರೂ ಕೇಳಲಿಲ್ಲ. ತಾಯಿಯ ಬೆನ್ನಿನ ಪ್ರಶ್ನೆ ತಪ್ಪಲ್ಲ, ಕೇಳಬೇಕಾದದ್ದೇ. ಅಲ್ಲಿಗೆ ನಿಲ್ಲಿಸಿದ್ದು ಅಪರಾಧ.

ನಮ್ಮ ಅಸ್ಥಿಪಂಜರ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಹಳತು ಒಡೆದು ಹೊಸತು ಕಟ್ಟಿಕೊಳ್ಳುತ್ತದೆ. ಅರವತ್ತರ ಅತ್ತಿಗೆಯ ಮೈಯಲ್ಲಿ ಅಜ್ಜಿ ಕಟ್ಟಿಕೊಟ್ಟ ಮೂಳೆ ಹೆಚ್ಚೇನೂ ಉಳಿದಿಲ್ಲ. ಇರುವುದು ಬಹುಪಾಲು ವರ್ತಕ ನಗರದಲ್ಲಿ ಕಟ್ಟಿದ್ದು. ಹಾಗಾಗಿ ಜವಾಬ್ದಾರಿಯೂ ಇಲ್ಲಿನವರದೇ.

ಕನ್ನಡ ಸಂಘಗಳ ಪದಾಧಿಕಾರಿಗಳೇ, ನಿಮಗೆ ಹೇಳುತ್ತಿದ್ದೇನೆ. ಯಕ್ಷಗಾನಕ್ಕೆ, ಶನಿಪೂಜೆಗೆ, ಸನ್ಮಾನಕ್ಕೆ ಸಭಾಗೃಹ ಇದೆ. ನಮ್ಮ ಹದಿಮೂರರ ಹುಡುಗಿಯರು ಓಡಿ ಹಾರಿ ಆಡಲು ವಾರಕ್ಕೆ ಮೂರು ಸಂಜೆ ಯಾಕಿಲ್ಲ? ಅವರ ಆ ಎರಡು ವರ್ಷ ಟ್ಯೂಷನ್ ಕುರ್ಚಿಯಲ್ಲೇ ಕಳೆದುಹೋಗುತ್ತಿದೆ, ಇದು ನಿಮಗೆ ಕಾಣುತ್ತಿಲ್ಲವೇ? ಹೋಟೆಲ್ ಧಣಿಗಳೇ, ನೀವೂ ಒಂದು ಕಾಲಕ್ಕೆ ಮಾಣಿಗಳಾಗಿದ್ದವರು. ಈಗ ಊರಿನಿಂದ, ಬಿಹಾರದಿಂದ, ಒಡಿಶಾದಿಂದ ಬಂದ ಹುಡುಗರಿಗೆ ದಿನಕ್ಕೊಂದು ಲೋಟ ಗಟ್ಟಿ ಹಾಲು, ಮಧ್ಯಾಹ್ನ ಒಂದು ಗಂಟೆ ಬಿಸಿಲು, ವಾರಕ್ಕೊಂದು ರಜೆ ಕೊಟ್ಟರೆ ಗಲ್ಲಾ ಬರಿದಾಗುವುದಿಲ್ಲ. ಮನೆಯ ಗಂಡಸರೇ, ಹದಿನಾಲ್ಕನೇ ವಾರದಿಂದ ಹೆರಿಗೆಯ ನಂತರ ಆರು ತಿಂಗಳವರೆಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ಪ್ರತಿ ಬಸುರಿಗೂ ಸಿಗಬೇಕೆಂದು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ಸೊಸೆಗೆ ಅದು ಮುಟ್ಟಿತೇ, ಅವಳು ಎಷ್ಟು ಗಂಟೆಗೆ ಉಂಡಳು ಎಂದು ಎಂದಾದರೂ ಕೇಳಿದ್ದೀರಾ? ಮಹಾನಗರಪಾಲಿಕೆಯವರೇ, ಟವರಿನ ನಕ್ಷೆಗೆ ಸಹಿ ಹಾಕುವಾಗ ಪಾರ್ಕಿಂಗ್ ಎಷ್ಟು ಮಾಳಿಗೆ ಎಂದು ಕೇಳುತ್ತೀರಿ. ಮಕ್ಕಳ ಆಟದ ಜಾಗಕ್ಕೆ ಬಿಸಿಲು ಬೀಳುತ್ತದೆಯೇ ಎಂದೂ ಕೇಳಿ.

ಮುಂದಿನ ಶಿಬಿರಕ್ಕೆ ಸಭಾಗೃಹ ಕೇಳಿ ಸಂಘಕ್ಕೆ ಅರ್ಜಿ ಬಂದಿದೆಯಂತೆ. ಕಾರ್ಯಕಾರಿ ಸಮಿತಿಯವರು ಒಪ್ಪಿಗೆ ಕೊಡುವ ಮೊದಲು ನನ್ನದೊಂದು ಷರತ್ತು ಕೇಳಲಿ. ಶಿಬಿರದ ಫಾರ್ಮಿನಲ್ಲಿ ತಾಯಿಯ ಬೆನ್ನಿನ ಪ್ರಶ್ನೆಯ ಕೆಳಗೆ ಇನ್ನೂ ಐದು ಸಾಲು ಬೇಕು: ಎಲ್ಲಿಯ ನೀರು ಕುಡಿದು ಬೆಳೆದಿರಿ, ಎಷ್ಟನೇ ವಯಸ್ಸಿಗೆ ದುಡಿಮೆಗೆ ಬಿದ್ದಿರಿ, ಮೈಗೆ ಬಿಸಿಲು ಎಷ್ಟು ಹೊತ್ತು, ಗರ್ಭಕೋಶ ತೆಗೆಸಿದ್ದೀರಾ, ಮನೆಯಲ್ಲಿ ನೀವು ಉಣ್ಣುವುದು ಎಷ್ಟನೆಯವರಾಗಿ. ಜೆಲ್ ಯಂತ್ರದಲ್ಲಿ ಕಡಿಮೆ ಬಂದವರನ್ನು ಡೆಕ್ಸಾ ಪರೀಕ್ಷೆಗೆ ಕಳಿಸುವ ಲಿಖಿತ ಏರ್ಪಾಡು ಬೇಕು. ಮಾತ್ರೆಯ ಸ್ಯಾಂಪಲ್ ಗೇಟಿನ ಹೊರಗೆ. ಫಾರ್ಮು ಝೆರಾಕ್ಸ್ ಮಾಡಿಸುವ ಖರ್ಚು ನನ್ನದು, ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ಕೂತು ಒಬ್ಬೊಬ್ಬರನ್ನೂ ಕೇಳಿ ತುಂಬಿಸುವವಳೂ ನಾನೇ. ಒಪ್ಪದಿದ್ದರೆ ಸಭಾಗೃಹದ ಬೀಗ ತೆಗೆಯಬೇಡಿ.